ನಲವತ್ತೇಳಕ್ಕೆ ಹಿಡಿದ ಕುಸ್ತಿ

ರಾಮಚಂದ್ರಾಪುರಂ, ಹೈದರಾಬಾದ್
17 ನವೆಂಬರ್ 2013

ನನ್ನ ಮುದ್ದು ಗುಣಿ,

ನಿಂತು ಓದಬೇಡ, ಕುಳಿತುಕೋ. ನಿನ್ನ ಅವ್ವ ಕುಸ್ತಿ ಕಲಿಯುತ್ತಿದ್ದಾಳೆ! ಅದರ ಹೆಸರು ಬ್ರೆಜಿಲಿಯನ್ ಜಿಯು-ಜಿಟ್ಸು. ನಿನ್ನ ಜೂಡೋದ ದಾಯಾದಿಯೇ. ಆದರೆ ಇಲ್ಲಿ ಎತ್ತಿ ಒಗೆದರೆ ಆಟ ಮುಗಿಯುವುದಿಲ್ಲ, ನೆಲಕ್ಕೆ ಬಿದ್ದ ಮೇಲೇ ಶುರು. ನಲವತ್ತೇಳು ವರ್ಷದ ಮಂಡಿನೋವಿನವಳಿಗೆ ಇದಕ್ಕಿಂತ ಒಳ್ಳೆಯದು ಏನಿದೆ ಹೇಳು. ಹೆಚ್ಚು ಹೊತ್ತು ನಿಲ್ಲುವ ಗೋಜೇ ಇಲ್ಲ.

ತಪ್ಪೆಲ್ಲ ಶಿವದೇವಿಯದು. ಪಟಾನ್‌ಚೆರು ಔಷಧ ಕಾರ್ಖಾನೆಯ ಬಸ್ಸಿನಲ್ಲಿ ನನ್ನ ಪಕ್ಕ ಕೂರುವ ಬೀದರಿನ ಹುಡುಗಿ. ಸಕ್ಕರೆ ಕಾಯಿಲೆ ಬಂದಿದೆ, ದಿನಾ ಬೆವರು ಹರಿಸಿ ಎಂದು ಡಾಕ್ಟರು ಹೇಳಿದ್ದನ್ನು ಅವಳ ಮುಂದೆ ಆಡಿದ್ದೇ ತಡ, ಸಂಜೆ ತಾನು ಕಲಿಯುವ ನರಹರಿ ಸರ್ ಕ್ಲಾಸಿಗೆ ಎಳೆದುಕೊಂಡು ಹೋದಳು. ನೋಡಲು ಹೋದವಳು ಮೂರನೆಯ ದಿನ ಟ್ರಂಕಿನ ಬೀಗ ಮುರಿದು ನಿನ್ನ ಜೂಡೋ ಅಂಗಿ ತೆಗೆದೆ. ಜೂಡೋ ಸರ್ ನಿನ್ನನ್ನು ರಾಜ್ಯ ಶಿಬಿರಕ್ಕೆ ಕರೆಯದೆ ಬಿಟ್ಟ ದಿನ ನೀನೇ ಹಾಕಿದ ಬೀಗ. ನಾಲ್ಕು ವರ್ಷದಿಂದ ಅದರ ಮಾತೆತ್ತಿದರೆ ಎದ್ದು ಹೋಗುತ್ತೀ. ಕೇಳದೆ ತೆಗೆದದ್ದಕ್ಕೆ ಬೈಯಬೇಡ. ಹೊಟ್ಟೆಯ ಹತ್ತಿರ ಬಿಗಿ, ಹೇಗೋ ಸುತ್ತಿಕೊಂಡಿದ್ದೇನೆ.

ಮೊದಲ ತಿಂಗಳು ನಾನು ಚಪಾತಿ ಹಿಟ್ಟು, ಬಂದವರೆಲ್ಲ ನಾದಿದರು. ನಿನ್ನೆಯದು ಮಾತ್ರ ಕೇಳು. ನಾನು ಅಂಗಾತ ಬಿದ್ದಿದ್ದೆ, ಶಿವದೇವಿ ಮೇಲಿದ್ದಳು. ನರಹರಿ ಸರ್ ಕಲಿಸಿದಂತೆ ಅವಳ ಕುತ್ತಿಗೆಯನ್ನೂ ಒಂದು ತೋಳನ್ನೂ ನನ್ನ ಕಾಲುಗಳ ನಡುವೆ ಸಿಕ್ಕಿಸಿ ಬಿಗಿದೆ. ಸಿಕ್ಕಿಬಿಟ್ಟಳು! ಅಷ್ಟರಲ್ಲಿ ನನ್ನ ಪಾದ ಅವಳ ತಲೆಗೆ ತಾಗಿತು. ಶಿವ ಶಿವಾ ಎಂದು ಕಾಲು ಬಿಚ್ಚಿ, ಅವಳ ತಲೆ ಮುಟ್ಟಿ ಕಣ್ಣಿಗೊತ್ತಿಕೊಂಡೆ. ಕಣ್ಣು ತೆರೆಯುವುದರೊಳಗೆ ಅವಳು ನನ್ನ ಎದೆಯ ಮೇಲೆ ಕೂತಿದ್ದಳು.

“ಆಂಟಿ, ನಮಸ್ಕಾರ ಆಮ್ಯಾಲ ಮಾಡ್ರಿ, ಸಿಕ್ಕ ಕುತ್ತಿಗಿ ಯಾಕ ಬಿಡ್ತೀರಿ?” ಎಂದು ಬೈದಳು. ನರಹರಿ ಸರ್ ಗೋಡೆ ಹಿಡಿದುಕೊಂಡು ನಕ್ಕರು, ಮತ್ತೆ ಹಿಡಿಯಿರಿ ಎಂದರು. ಈ ಸಲ ಮೊದಲೇ ಮನಸ್ಸಿನಲ್ಲಿ ನಮಸ್ಕಾರ ಮಾಡಿ ಹಿಡಿದೆ, ಬಿಡಲಿಲ್ಲ. ಶಿವದೇವಿ ಮ್ಯಾಟ್ ಬಡಿದಳು. ಬಡಿದರೆ ಸೋತೆ ಎಂದರ್ಥ, ನಿನಗೆ ಗೊತ್ತಲ್ಲ. ಗುಣಿ, ನನಗೂ ಒಬ್ಬರು ಸೋತರು! ಖುಷಿಗೆ ಅತ್ತುಬಿಟ್ಟೆ. ಆಟೋದಲ್ಲೂ ಅಳು, ಅನ್ನಕ್ಕಿಡುವಾಗಲೂ ಅಳು.

ಅದಕ್ಕೇ ಬರೆಯುತ್ತಿದ್ದೇನೆ. ಜನವರಿಯಲ್ಲಿ ನಾಂಪಲ್ಲಿಯ ನುಮಾಯಿಷ್ ವಸ್ತುಪ್ರದರ್ಶನದ ನೆಪದಲ್ಲಿ ರಜೆ ಹಾಕಿ ಹುಬ್ಬಳ್ಳಿಯಿಂದ ಬಾ. ಒಂದೇ ಒಂದು ಸಂಜೆ ನನ್ನ ಜೊತೆ ಮ್ಯಾಟಿಗೆ ಇಳಿ. ಬೇರೇನೂ ಕೇಳುವುದಿಲ್ಲ. ನಿನಗೆ ಹೊಸ ಅಂಗಿ ತರಿಸುತ್ತೇನೆ, ಹಳೆಯದನ್ನು ಇನ್ನು ಕೊಡುವುದಿಲ್ಲ, ಹೋಗು.

ನಿನ್ನ ಪೈಲ್ವಾನ ಅವ್ವ,
ಸುಭದ್ರಾ

ತಾ.ಕ.: ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಜೂಡೋ ಸರ್ ನಿನ್ನನ್ನು ಬಿಟ್ಟಿರಲಿಲ್ಲ. ಶಿಬಿರಕ್ಕೆ ನಿನ್ನ ಹೆಸರು ಬಂದಿದೆ ಎಂದು ಹೇಳಲು ಮನೆಗೇ ಬಂದಿದ್ದರು. ನೀನು ಕಾಲೇಜಿನಲ್ಲಿದ್ದೆ. ಹುಡುಗಿಗೆ ಮದುವೆ ಗೊತ್ತಾಗಿದೆ ಎಂದು ಸುಳ್ಳು ಹೇಳಿ ಬಾಗಿಲಿನಿಂದಲೇ ಕಳಿಸಿದೆ. ಕೈಕಾಲು ಮುರಿದುಕೊಂಡರೆ ಯಾರು ಮಾಡಿಕೊಳ್ಳುತ್ತಾರೆ ಎಂಬ ಹೆದರಿಕೆ. ನಿನ್ನಿಂದ ಕಿತ್ತುಕೊಂಡದ್ದು ಏನೆಂದು ನಿನ್ನೆಯವರೆಗೂ ನನಗೆ ಗೊತ್ತಿರಲಿಲ್ಲ, ಮಗಳೇ. ಬೈಯಲಿಕ್ಕಾದರೂ ಬಾ.