ಎಳೆ ಕಡಿದೀತೆಂದು

ಅಪ್ಪಾ,

ಇವತ್ತು ಕೊಳ್ಳೇಗಾಲದ ನಮ್ಮ ನೇಕಾರರ ಸಭೆಗೆ ಹವಾಮಾನದ ವಿಜ್ಞಾನಿಯೊಬ್ಬರು ಬಂದಿದ್ದರು. ಮುಂದೆ ಬಿಸಿಲು ಹೆಚ್ಚುತ್ತಲೇ ಹೋಗುತ್ತದೆ ಎಂದರು. ಪಕ್ಕದ ಮನೆಯ ಚೌಡೇಶಣ್ಣ ಎದ್ದು, "ನಾಳೆ ಮಳೆ ಬತ್ತದಾ ಸಾ?" ಎಂದು ಕೇಳಿದ. ಖಚಿತವಾಗಿ ಹೇಳಲಾಗದು ಎಂದರು ಅವರು.

"ನಾಳೇದೇ ಗೊತ್ತಿಲ್ಲ, ಮೊಮ್ಮಕ್ಕಳ ಕಾಲದ್ದು ಏಳ್ತೀರಲ್ಲ!" ಎಂದ ಚೌಡೇಶಣ್ಣ.

ಸಭೆಯೆಲ್ಲ ನಕ್ಕಿತು. ನೀನಿದ್ದಿದ್ದರೆ ಇನ್ನೂ ಜೋರಾಗಿ ನಗುತ್ತಿದ್ದೆ. "ಬ್ಯಾಸ್ಗೇಲಿ ಬಿಸ್ಲು ಬರ್ದೆ ಮಂಜು ಬಿದ್ದದಾ?" ಅನ್ನುತ್ತಿದ್ದವನಲ್ಲವೇ ನೀನು.

ಎಲ್ಲರೂ ಹೋದ ಮೇಲೆ ನಾನು ಅವರ ಹತ್ತಿರ ಹೋದೆ. "ಓದ ತಿಂಗ್ಳು ನಮ್ಮಪ್ಪ ಮಗ್ಗದ ಮುಂದೇನೇ ಕುಸ್ದು ತೀರೋದ್ರು. ಅದು ಈ ಬಿಸ್ಲಿಗೇನಾ ಸಾ?"

ಅವರು ಕೈಯಲ್ಲಿದ್ದ ಕಾಗದಗಳನ್ನು ಕೆಳಗಿಟ್ಟರು. "ಒಬ್ಬರ ಸಾವನ್ನ ಹಾಗೆ ಹೇಳೋಕಾಗಲ್ಲಮ್ಮ."

ಡಾಕ್ಟರೂ ಅವತ್ತು ಅದನ್ನೇ ಹೇಳಿದ್ದರು. ಗೊತ್ತಿಲ್ಲ ಅನ್ನುವವರನ್ನು ನಂಬುವುದು ಹೇಗೆ? ಎಲ್ಲ ಗೊತ್ತು ಅನ್ನುತ್ತಿದ್ದ ನೀನೇ ಇಲ್ಲ.

ಮನೆಗೆ ಬಂದು, ನೀನು ಅರ್ಧಕ್ಕೆ ಬಿಟ್ಟ ರೇಷ್ಮೆ ಸೀರೆ ನೇಯಲು ಕೂತೆ. ಸೆಖೆ ತಡೆಯಲಾರದೆ ಎದ್ದು ಫ್ಯಾನಿನ ಸ್ವಿಚ್ಚಿನ ಮೇಲೆ ಕೈಯಿಟ್ಟೆ. "ಗಾಳಿಗೆ ಎಳೆ ಕಡೀತದೆ ಕಣವ್ವ" ಎಂದು ನೀನು ಯಾವತ್ತೂ ಅದನ್ನು ಹಾಕಗೊಡಲಿಲ್ಲ. ನೀನು ಕುಸಿದ ಆ ದಿನವೂ.

ಸ್ವಿಚ್ಚು ಒತ್ತದೆಯೇ ಕೈ ತೆಗೆದೆ ಅಪ್ಪಾ, ಆ ಸೆಖೆಯಲ್ಲೇ ಮತ್ತೆ ನೇಯಲು ಕೂತೆ. ಎಳೆ ಒಂದೂ ಕಡಿಯಲಿಲ್ಲ.