ಹದಿನಾಲ್ಕು ಹಾಳೆಯ ಮನವಿ

ದಿನಾಂಕ: ಇದೇ ತಿಂಗಳ ಹದಿನೇಳು

೧. ಬರೆಯುವವನು: ನಿನ್ನ ತಂದೆ. ವಯಸ್ಸು ಎಪ್ಪತ್ತೆಂಟು. ನ್ಯಾಯಾಲಯದ ಎದುರಿನ ಸಾಲಿನಲ್ಲಿ ಕುಳಿತು ನಲವತ್ತೊಂದು ವರ್ಷ ಪರರ ಅರ್ಜಿಗಳನ್ನು ಬರೆದು, ನಕಲು ಮಾಡಿ ಜೀವಿಸಿದವನು.
೨. ಪಡೆಯುವವಳು: ನನ್ನ ಏಕಮಾತ್ರ ಪುತ್ರಿ. ವೃತ್ತಿ, ವಿಡಿಯೋ ಗೇಮ್ ತಯಾರಿಕೆ.
೩. ವಿಷಯ: ನಿನ್ನ ಗೇಮಿನ ಮೂರೂ ಭಾಗಗಳನ್ನು ವಿಮರ್ಶಕರು ಹೊಗಳಿದ್ದು, ಜನ ಕೊಳ್ಳದಿದ್ದುದು, ತತ್ಸಂಬಂಧವಾಗಿ ನೀನು ಬೇಡಿದ ಒಪ್ಪಿಗೆ.
೪. ಒಪ್ಪಿಗೆ ತಲುಪಬೇಕಾಗಿದ್ದ ಕೊನೆಯ ದಿನ: ಹದಿನೈದು.

ಚಿರಂಜೀವಿ ಪುಟ್ಟಿಗೆ ಆಶೀರ್ವಾದಗಳು.

ನಾನು ಕ್ಷೇಮ. ಉತ್ತರ ತಡವಾಯಿತು, ಮನ್ನಿಸುವುದು. ನನ್ನ ಪದ್ಧತಿ ನಿನಗೆ ತಿಳಿಯದ್ದಲ್ಲ: ಹೊಡೆದುಹಾಕಿದ ಒಂದಕ್ಷರವಿದ್ದರೂ ಆ ಹಾಳೆ ನನ್ನ ಮೇಜು ಬಿಟ್ಟು ಕದಲದು. ಈ ಪತ್ರದ ಹಾಳೆಗಳ ಅಂಚಿಗೂ ಅಂಟಿನ ಚುಕ್ಕೆ ಇಟ್ಟಿದ್ದೇನೆ. ನಡುವೆ ಯಾರೂ ಹಾಳೆ ಬದಲಿಸಬಾರದೆಂದು ನಮ್ಮ ಸಾಲಿನವರೆಲ್ಲ ಹಾಗೆ ಇಡುತ್ತಿದ್ದೆವು. ರಜೆಗೆ ಬಂದಾಗ ನೀನೂ ಮೇಜಿನ ಕೆಳಗೆ ಕುಳಿತು ಕಡ್ಡಿಯಿಂದ ಇಟ್ಟುಕೊಡುತ್ತಿದ್ದೆ. ಒಂದೊಂದಾಗಿ ಬಿಡಿಸಿ ಓದು, ಹರಿಯಬೇಡ.

ನಿನ್ನ ಗೇಮು ಏಕೆ ಮಾರಾಟವಾಗಲಿಲ್ಲವೆಂದು ನೀನು ನನ್ನನ್ನು ಕೇಳಲಿಲ್ಲ. ಆದರೂ ಹೇಳುತ್ತೇನೆ. ಮೂಲೆಯ ಕಂಪ್ಯೂಟರ್ ರಿಪೇರಿಯವನ ಅಂಗಡಿಗೆ ಹೋಗಿ, ಮೊದಲ ಭಾಗವನ್ನು ನನ್ನೆದುರೇ ಆಡಿಸಿ ನೋಡಿದೆ. ಕಚೇರಿಯ ಬಾಗಿಲು, ಮುಂದೊಂದು ಬೆಂಚು, ಬೆಂಚಿನ ಮೇಲೆ ಮುದುಕ. ಆಡುವವನು ಬಾಗಿಲು ದಾಟಬೇಕಾದರೆ ಮುದುಕ ಓದುವ ಹದಿನಾಲ್ಕು ಹಾಳೆಯ ಮನವಿಯನ್ನು, ಒಂದೊಂದು ಹಾಳೆಯನ್ನೂ ತಾನೇ ತಿರುಗಿಸುತ್ತ ಕೇಳಬೇಕು. ಆ ಮನವಿ ನನ್ನದು. ಎಂಟು ವರ್ಷದ ಹಿಂದೆ ನೀನು ಕೇಳಿದೆ, ನಾನು ಕೊಟ್ಟೆ. ನನ್ನ ಕೈಬರಹದ ಒಪ್ಪಿಗೆಯಿಲ್ಲದೆ ಅದರ ಒಂದಕ್ಷರವನ್ನೂ ಕತ್ತರಿಸಕೂಡದೆಂಬ ಕರಾರನ್ನೂ ನಾನೇ ಬರೆದೆ.

“ಏನ್ ಚಿತ್ರ ಸಾರ್! ಏನ್ ಸೌಂಡು!” ಎಂದು ರಿಪೇರಿಯವನು ಶುರುಮಾಡಿದ. ಎರಡನೆಯ ಹಾಳೆಗೆ ಅವನ ಬೆರಳು ಮೇಜಿನ ಮೇಲೆ ತಾಳ ಹಾಕತೊಡಗಿತು. ಮೂರನೆಯದಕ್ಕೆ, “ಈ ಅಜ್ಜ ಬಾಯಿ ಮುಚ್ಚೋದು ಯಾವಾಗ ಸಾರ್? ನಾನು ಬಾಗಿಲು ತೆಗೆಯೋಕೆ ಬಂದಿದ್ದೀನಾ, ಪುರಾಣ ಕೇಳೋಕಾ?” ಎಂದ.

“ವಿಮರ್ಶಕರೆಲ್ಲ ಹೊಗಳಿದ್ದಾರಲ್ಲಯ್ಯಾ?”

“ಹೊಗಳದೆ ಏನ್ಮಾಡ್ತಾರೆ ಸಾರ್? ಕೊನೇವರೆಗೂ ಆಡೋದೇ ಅವರ ಕೆಲಸ. ನಾನು ದಿನವಿಡೀ ದುಡಿದು, ಶಟರ್ ಎಳೆದು ಬಂದು ಆಡೋನು.”

ಅಂಗಡಿಯವನು ಒಂದೇ ಉಸಿರಿನಲ್ಲಿ ಹೇಳಿದ್ದನ್ನು ತಿಳಿಯಲು ನಿನಗೆ ಮೂರು ಗೇಮು ಬೇಕಾದವು. ಹೋಗಲಿ ಎಂದರೆ, ಎರಡನೆಯದರ ಮೇಲೆ ಎರಡು, ಮೂರನೆಯದರ ಮೇಲೆ ಮೂರು ಎಂದು ದಪ್ಪ ಅಕ್ಷರದಲ್ಲಿ ಹಾಕಿಸಿದೆ. ಮೊದಲನೆಯದರ ಬಾಗಿಲನ್ನೇ ದಾಟದವನು ಮೂರನೆಯದಕ್ಕೆ ಯಾವ ಮುಖ ಹೊತ್ತು ಬಂದಾನು? ಅರ್ಧ ವಿಚಾರಣೆ ಮುಗಿದ ವ್ಯಾಜ್ಯದಲ್ಲಿ ಹೊಸಬನು ಬಂದು ಕೂರುವುದಿಲ್ಲ. ಇದ್ದ ಅಭಿಮಾನಿಗಳೇ ಮೂರು ಸಲವೂ ಕೊಂಡರು, ಒಂದೇ ಬಳಗ ಮೂರು ಮದುವೆಯಲ್ಲೂ ಉಂಡಂತೆ. ನೀನದನ್ನು ಜನಪ್ರೀತಿ ಎಂದು ತಿಳಿದೆ. ದೋಷ ಮನವಿಯದಲ್ಲ ಪುಟ್ಟಿ, ಅದನ್ನು ಒಯ್ದು ಬಾಗಿಲಿಗೆ ಕಟ್ಟಿದ ನಿನ್ನದು.

ಹನ್ನೆರಡರಂದು ನಿನ್ನ ಗೇಮಿನ ಚಿತ್ರಗಾರ್ತಿ ಬಂದಿದ್ದಳು. ಆರು ಗಂಟೆ ಬಸ್ಸಿನಲ್ಲಿ ಕುಳಿತು ಬಂದಳಂತೆ. ಬ್ಯಾಗನ್ನೂ ಕೆಳಗಿಡದೆ, “ಅಂಕಲ್, ಒಂದು ಸಹಿ ಅಷ್ಟೇ. ಮನವಿ ಒಂದು ಹಾಳೆಗೆ ಇಳಿದ್ರೆ ಗೇಮು ಮಾರೋ ಕಂಪನಿಯವರು ಮೊದಲನೇ ಭಾಗವನ್ನ ಮತ್ತೆ ಬಿಡ್ತಾರೆ, ನಾಲ್ಕನೇದಕ್ಕೂ ಒಪ್ಕೋತಾರೆ. ಇಲ್ಲಾಂದ್ರೆ ಹದಿನೈದಕ್ಕೆ ನಮ್ಮ ಹನ್ನೊಂದು ಜನಕ್ಕೂ ಮನೆ ದಾರಿ,” ಎಂದಳು.

“ಹದಿಮೂರು ಹಾಳೆ ಕಸ ಅಂತ ತೀರ್ಮಾನ ಮಾಡಿದವರು ಯಾರಮ್ಮಾ?”

“ಅಯ್ಯೋ, ಕಸ ಅಂತ ಯಾರಂದ್ರು? ನೂರು ಜನ ಶುರುಮಾಡಿದ್ರೆ ಅರವತ್ತೊಂದು ಜನ ಅಲ್ಲೇ ಬಿಟ್ಟು ಹೋಗ್ತಾರೆ ಅಂಕಲ್. ಹೆಚ್ಚಿನವರು ಮೂರನೇ ಹಾಳೇಲೇ.”

ನಾನು ನೀರಿನ ಲೋಟವನ್ನು ಅವಳ ಮುಂದೆ ಸರಿಸಿದೆ.

“ಪುಟ್ಟಿ ಸರಿಯಾಗಿ ಊಟಾನೂ ಮಾಡ್ತಿಲ್ಲ,” ಎಂದಳು.

“ಹಸಿವಾದರೆ ತಾನೇ ಉಣ್ಣುತ್ತಾಳೆ. ಒಪ್ಪಿಗೆಯ ಪ್ರತಿ ಇನ್ನೂ ಸಿದ್ಧವಾಗಿಲ್ಲ,” ಎಂದೆ.

ಕೊಟ್ಟ ನೀರನ್ನು ಮುಟ್ಟದೆ ಎದ್ದಳು. ಚಪ್ಪಲಿ ಮೆಟ್ಟುತ್ತ, “ಗೇಮಲ್ಲೂ ಹೀಗೇ ಅಂಕಲ್. ನೀವು ಬೆಂಚಿನ ಮೇಲೆ, ನಾವು ಬಾಗಿಲ ಮುಂದೆ,” ಎಂದು ಹೋದಳು. ಹಿರಿಯರೊಡನೆ ಹೇಗೆ ಮಾತನಾಡಬೇಕೆಂದು ಅವಳಿಗೆ ಹೇಳಿಕೊಡು. ಈಗ ಬಿಡುವಿದೆಯಲ್ಲ, ಇಬ್ಬರಿಗೂ.

ನಿನ್ನೆ ನೀನು ಫೋನು ಮಾಡಿದೆ. ಬೈಯುತ್ತೀಯೆಂದು ಕುಳಿತೇ ಎತ್ತಿಕೊಂಡೆ. “ಅಪ್ಪಾ, ಆಯ್ತು ಬಿಡು. ಬೆಳಿಗ್ಗೆ ಕುರ್ಚಿ ಎಲ್ಲ ಸಾಗಿಸಿದ್ರು. ನೀನು ಬೇಜಾರು ಮಾಡ್ಕೋಬೇಡ. ಕೈ ನಡುಗುತ್ತೆ ನಿನಗೆ, ಬರೆದೂ ಬರೆದೂ ಎಷ್ಟು ಕಷ್ಟ ಆಯ್ತೋ, ಪಾಪ,” ಎಂದೆ ನೀನು. ಬೈದಿದ್ದರೆ ಈ ಪತ್ರ ಬರೆಯುವ ಪ್ರಮೇಯವೇ ಇರುತ್ತಿರಲಿಲ್ಲ. ಆ ‘ಪಾಪ’ ಎಂಬ ಮಾತನ್ನು ಇಟ್ಟುಕೊಳ್ಳುವ ಯೋಗ್ಯತೆ ನನಗಿಲ್ಲವಾಗಿ ಬರೆಯುತ್ತಿದ್ದೇನೆ.

ನಿನಗಿನ್ನೂ ಮೂವತ್ತೇಳು. ಬೇರೆ ಕೆಲಸ ಸಿಕ್ಕೀತು. ಮುಂದಿನ ಗೇಮಿನಲ್ಲಿ ಮೊದಲು ಬಾಗಿಲು ತೆರೆ. ಮುದುಕ ಆಮೇಲೆ ಮಾತನಾಡಲಿ. ಆಯುಸ್ಸು, ಆರೋಗ್ಯ, ಹೊತ್ತಿಗೆ ಸರಿಯಾಗಿ ಊಟ, ಈ ಮೂರೂ ನಿನಗಿರಲೆಂದು ಹರಸುವೆ.

ತಾ.ಕ.: ಒಪ್ಪಿಗೆ ಪತ್ರ ಹತ್ತನೆಯ ತಾರೀಖಿಗೇ ಸಿದ್ಧವಾಗಿತ್ತು. ಒಂದೇ ಬಾರಿಗೆ ಬರೆದೆ, ಕೈ ನಡುಗಲಿಲ್ಲ. ಚಿತ್ರಗಾರ್ತಿ ಕುಳಿತಿದ್ದಾಗ ಅದು ಅವಳ ಮೊಣಕೈಗೆ ತಾಗುವಂತಿದ್ದ ಮೇಜಿನ ಖಾನೆಯಲ್ಲೇ ಇತ್ತು.

ಆ ಮನವಿ ನಿನ್ನ ಗೇಮಿಗೆಂದು ಬರೆದುದಲ್ಲ. ನಿನಗೆ ನಾಲ್ಕು ವರ್ಷವಿದ್ದಾಗ ನಿನ್ನಮ್ಮ ನಿನ್ನನ್ನೆತ್ತಿಕೊಂಡು ದೊಡ್ಡಮ್ಮನ ಮನೆಗೆ ಹೊರಟುಹೋದಳಷ್ಟೆ. ಮರಳಿ ಬಾ ಎಂದು ಅವಳಿಗೆ ಬರೆದದ್ದು ಅದು. ಬೇರೆ ರೀತಿಯಲ್ಲಿ ಬರೆಯಲು ನನಗೆ ಬಾರದು. ಹತ್ತು ದಿನಕ್ಕೆ ಹಿಂದಿರುಗಿಸಿದಳು. ಮೂರು ಹಾಳೆಯ ಅಂಟು ಬಿಟ್ಟಿತ್ತು. ಅಲ್ಲಿಂದ ಹದಿನಾಲ್ಕರವರೆಗೆ ಚುಕ್ಕೆಗಳು ನಾನಿಟ್ಟಂತೆಯೇ ಇದ್ದವು. ಕ್ಷಮಿಸು ಎಂಬ ಮಾತು ಹದಿಮೂರನೆಯ ಹಾಳೆಯಲ್ಲಿತ್ತು.

ಅವಳು ತೀರಿಕೊಂಡ ಮರುವರ್ಷ ನೀನು ಗೇಮಿಗೊಂದು ಮನವಿ ಕೇಳಿದಾಗ ಅದನ್ನೇ ಕೊಟ್ಟೆ. ಹೆಸರು ಮರೆಮಾಚಲು ಏನನ್ನೂ ತಿದ್ದಬೇಕಾಗಲಿಲ್ಲ. ಅವಳನ್ನೂ ನಾನು ‘ಮಾನ್ಯರೇ’ ಎಂದೇ ಸಂಬೋಧಿಸಿದ್ದೆ.

ನೂರಕ್ಕೆ ಮೂವತ್ತೊಂಬತ್ತು ಮಂದಿ ಅದನ್ನು ಕೊನೆಯವರೆಗೆ ಕೇಳಿದ್ದಾರೆ. ನಿನ್ನ ಹನ್ನೊಂದು ಜನರಿಗಾಗಿ ಅವರನ್ನು ಬಿಟ್ಟುಕೊಡಲು ನನ್ನಿಂದಾಗಲಿಲ್ಲ.

ಇಂತು,
ನಿನ್ನ ತಂದೆ
(ಸಹಿ)

ಲಗತ್ತು: ಒಪ್ಪಿಗೆ ಪತ್ರ, ಹಾಳೆ ಒಂದು. ದಿನಾಂಕ ಹತ್ತು. ಹೊಡೆದುಹಾಕಿದ ಅಕ್ಷರ ಇಲ್ಲ.