ದಬ್ಬಿ ಚಾಲೂ ಮಾಡಿದ ಗಾಡಿ

ತಿಕೋಟಾ
೨೧ ಜನವರಿ ೨೦೨೫, ಮಂಗಳವಾರ

ಪ್ರೀತಿಯ ಐಶ್ವರ್ಯಾಳ ಪಪ್ಪಾ ಅವರಿಗೆ, ನಿಮ್ಮ ವಿದ್ಯಾವತಿಯ ನಮಸ್ಕಾರ.

ಹೇಗಿದ್ದೀರಿ? ಆ ಹಿಮದಲ್ಲಿ ಕಾಲುಚೀಲ ಎರಡೆರಡು ಹಾಕಿಕೊಳ್ಳುತ್ತೀರೋ ಇಲ್ಲವೋ? ಸಂಕ್ರಮಣಕ್ಕೆ ಕಳಿಸಿದ ಶೇಂಗಾ ಹೋಳಿಗೆ ಮುಟ್ಟಿದವೇ? ಎಲ್ಲವನ್ನೂ ಜೊತೆಯವರಿಗೆ ಹಂಚಿ ಕಡೆಗೆ ಬರಿಯ ಡಬ್ಬಿ ನೋಡುವ ಮನುಷ್ಯರು ನೀವು, ಅದಕ್ಕೇ ನಿಮ್ಮವು ಬೇರೆ ಕಟ್ಟಿದ್ದೆ. ಮಗಳು ಆರಾಮ ಇದ್ದಾಳೆ. ನಾನೂ ಆರಾಮ ಎಂದು ಬರೆಯಬೇಕು, ಬರೆದೆ. ನಿಮ್ಮ ಅವ್ವ ಆರಾಮ ಇಲ್ಲ. ಕಳೆದ ಸಲ ಗಡಿಯ ಸೇನಾ ಠಾಣೆಯಿಂದ ನಿಮ್ಮ ಫೋನು ಬಂದಾಗ ನನ್ನ ಕೈಯಿಂದ ಕಸಿದುಕೊಂಡು, “ನಾ ಆರಾಮ ಅದೀನಿ ಯಪ್ಪಾ, ಗಾಡಿನೂ ಆರಾಮ ಐತಿ” ಅಂದರಲ್ಲ, ಎರಡೂ ಸುಳ್ಳು. ನಾನು ಬಾಯಿ ತೆರೆಯುವುದರೊಳಗೆ ಲೈನ್ ಕಡಿಯಿತು. ಆಮೇಲೆ ನಿಮ್ಮ ಫೋನು ಬಂದೇ ಇಲ್ಲ.

ಆದದ್ದು ಇಷ್ಟು. ಅವ್ವನನ್ನು ಡಯಾಲಿಸಿಸ್‌ಗೆಂದು ಕಾರಿನಲ್ಲಿ ಕೂರಿಸಿಕೊಂಡು ವಿಜಯಪುರಕ್ಕೆ ಹೊರಟಿದ್ದೆ. ಇಟ್ಟಂಗಿಹಾಳ ಕ್ರಾಸ್ ಹತ್ತಿರ ಬಾನೆಟ್ಟಿನೊಳಗೆ ಕಿರ್ರ್ ಎಂದು ಸದ್ದಾಯಿತು, ನಿಧಾನ ಮಾಡಿದೆ, ಗಾಡಿ ಬಂದ್ ಬಿತ್ತು. ನಿಮ್ಮ ಅವ್ವನ ಸ್ವಭಾವ ನಿಮಗೆ ಗೊತ್ತಲ್ಲ, ಸುಮ್ಮನೆ ಕೂಡುವ ಜೀವ ಅಲ್ಲ. ಕಿಟಕಿಯಿಂದ ತಲೆ ಹೊರಗೆ ಹಾಕಿ, ಜೋಳದ ಹೊಲದಲ್ಲಿ ಹಕ್ಕಿ ಕಾಯುತ್ತಿದ್ದವರನ್ನೆಲ್ಲ, “ತಮ್ಮಾ, ಬರ್ರೆಪಾ, ಒಂದೀಟ ದಬ್ರಿ” ಎಂದು ಕರೆದರು. ನಮ್ಮ ಕಡೆ ನಿಂತ ಗಾಡಿ ಕಂಡರೆ ಯಾರು ಸುಮ್ಮನೆ ಹೋಗುತ್ತಾರೆ ಹೇಳಿ? ಕವಣೆ ಕೆಳಗಿಟ್ಟು ಓಡಿ ಬಂದರು ಪಾಪ, ಹರಹರ ಮಹಾದೇವ ಎಂದು ದಬ್ಬಿದರು. ನೀವು ಕಲಿಸಿದ ಹಾಗೆ ಎರಡನೇ ಗೇರ್ ಹಾಕಿ ಕ್ಲಚ್ ಬಿಟ್ಟೆ. ಒಳಗೆ ಯಾರೋ ಸುತ್ತಿಗೆಯಿಂದ ಬಡಿದ ಹಾಗೆ ಸಪ್ಪಳ. ಅವ್ವ ಬಿಡಲಿಲ್ಲ, “ಇನ್ನೊಮ್ಮಿ ದಬ್ರಿ” ಅಂದರು. ಮತ್ತೆ ದಬ್ಬಿದರು, ಮತ್ತೆ ಅದೇ ಸಪ್ಪಳ.

ಆವತ್ತು ಆಟೋ ಹಿಡಿದು ಆಸ್ಪತ್ರೆ ಮುಗಿಸಿಕೊಂಡೆವು. ಗಾಡಿಯನ್ನು ಎಳೆಸಿಕೊಂಡು ಸೊಲ್ಲಾಪುರ ರಸ್ತೆಯ ಮೆಕ್ಯಾನಿಕ್ ಖಂಡಪ್ಪನ ಹತ್ತಿರ ಬಿಡಿಸಿದ್ದೆ, ಬರುವಾಗ ಕೇಳಿಕೊಂಡು ಹೋಗೋಣ ಎಂದು ಇಬ್ಬರೂ ಇಳಿದೆವು. ಅದರಿಂದಲೇ ಅನಾಹುತವಾಯಿತು ನೋಡಿ. ಟೈಮಿಂಗ್ ಬೆಲ್ಟನ್ನು ಬಿಗಿ ಹಿಡಿಯುವ ಸಣ್ಣ ಗಾಲಿ ಇರುತ್ತದಂತೆ, ಟೆನ್ಷನರ್ ಅನ್ನುತ್ತಾರೆ. ಅದು ಕೈಕೊಟ್ಟು ಬೆಲ್ಟ್ ಜಾರಿತ್ತು. ಖಂಡಪ್ಪ ಹಿಂದೆ ಮುಂದೆ ನೋಡದೆ, ಅವ್ವನ ಎದುರಿಗೇ, “ಬಂದ್ ಬಿದ್ದ ಗಾಡಿ ದಬ್ಬಂತ ಯಾರ ಹೇಳಿದ್ರಿ ಅಕ್ಕಾರ? ಹಂಗ ಬಿಟ್ಟಿದ್ರ ಬೆಲ್ಟ್ ಹಾಕಿ ಕಳಸ್ತಿದ್ನಿ. ದಬ್ಬಿದಾಗ ವಾಲ್ವ್ ಎಲ್ಲಾ ಪಿಸ್ಟನ್ನಿಗೆ ಬಡದು ಸೊಟ್ಟ ಆಗ್ಯಾವ. ಇಂಜಿನ್ ಹೋತ್ರಿ” ಅಂದುಬಿಟ್ಟ. ಅವ್ವನ ಮುಖ ನೋಡಲು ಆಗಲಿಲ್ಲ.

ಅಂದಿನಿಂದ ಆಸ್ಪತ್ರೆಗೆ ಬರುವುದಿಲ್ಲ ಎಂದು ಹಟ ಹಿಡಿದಿದ್ದಾರೆ. “ನಾ ಬಸ್ಸಿನ್ಯಾಗ ನಿಂದ್ರಬಾರದಂತ ಮಗಾ ತಂದ ಗಾಡಿ, ನಾನ ದಬ್ಬಸಿ ಕೆಡಿಸಿದ್ನಿ. ಇನ್ನ ಸಾಕು ಬೇ, ನನ್ನ ಸಲುವಾಗಿ ಯಾರೂ ಏನೂ ಮಾಡಬ್ಯಾಡ್ರಿ.” ಕ್ಲಚ್ ಬಿಟ್ಟವಳು ನಾನು, ನನಗೆ ಬೈಯಿರಿ ಅಂದೆ. ಕಾಲು ಹಿಡಿದೆ. ಸಿಟ್ಟಿಗೆದ್ದು ಬೈದೆ ಕೂಡ, ನಿಮ್ಮ ಮುಂದೆ ಮುಚ್ಚಿಡುವುದೇನು. ಪಕ್ಕದ ಮನೆಯ ಶಂಕರೆಪ್ಪ ಮಾವ ಎರಡು ಸಲ ಬಾಗಿಲಿಗೆ ಜೀಪು ತಂದು ನಿಲ್ಲಿಸಿದರು, ಎರಡು ಸಲವೂ ಖಾಲಿ ಹೋಯಿತು. ಅವ್ವನ ಕಾಲು ಬಾತು ಚಪ್ಪಲಿ ಹಿಡಿಯುತ್ತಿಲ್ಲ. ಡಯಾಲಿಸಿಸ್ ತಪ್ಪಿಸಿದರೆ ಜೀವಕ್ಕೆ ಅಪಾಯ ಎಂದು ಡಾಕ್ಟರು ಮೊದಲೇ ಹೇಳಿದ್ದರು. ರೀ, ನನಗೆ ಏನೂ ತಿಳಿಯುತ್ತಿಲ್ಲ. ಕಬ್ಬಿಣದ ಗಾಡಿ ಹಾಳಾಗಿ ಹೋಗಲಿ, ನನಗೆ ಅವ್ವ ಬೇಕು.

ಮೆಕ್ಯಾನಿಕ್ ಹೇಳಿದ್ದು ತಪ್ಪು, ದಬ್ಬುವ ಮೊದಲೇ ಇಂಜಿನ್ ಹೋಗಿತ್ತು ಎಂದು ಹೇಳಿ ನೋಡಿದೆ. “ನನ್ನ ಸಮಾಧಾನ ಮಾಡಾಕತ್ತಿ” ಅಂದರು. ನಿಮ್ಮ ಮಾತಾದರೆ ನಂಬುತ್ತಾರೆ. ಆ ಸದ್ದು ನಾನು ರಜೆಗೆ ಬಂದಾಗಲೇ ಇತ್ತು, ಇಂಜಿನ್ ಆಗಲೇ ಕೆಟ್ಟಿತ್ತು, ಹೇಳುವುದನ್ನು ಮರೆತು ಹೋದೆ ಎಂದು ನಾಲ್ಕು ಸಾಲು ಅವ್ವನ ಹೆಸರಿಗೆ ಬರೆಯಿರಿ. ಖಂಡಪ್ಪ ಅಂದದ್ದೇ ಖರೆ ಎಂದು ನನಗೂ ಗೊತ್ತು. ಆದರೂ ಬರೆಯಿರಿ.

ನಿಮ್ಮ ಜೀವ ಜೋಪಾನ. ಮಗಳು ನಿಮಗೆ ಮುತ್ತು ಕಳಿಸಿದ್ದಾಳೆ, ಶಂಕರೆಪ್ಪ ಮಾವ ಕೇಳಿದೆನೆಂದು ತಿಳಿಸಲು ಹೇಳಿದ್ದಾರೆ.

ನಿಮ್ಮ ದಾರಿ ನೋಡುವ
ವಿದ್ಯಾವತಿ

ತಾ.ಕ.: ಪತ್ರ ಮಡಿಸುವಾಗ ಅವ್ವನಿಗೆ ಏದುಸಿರು ಶುರುವಾಯಿತು. ಎತ್ತಿಕೊಂಡು ಹೋಗಲು ಬಂದವರನ್ನು ದೂಡಿದರು. ತಡೆಯಲಾರದೆ, ನಿಮ್ಮ ಪತ್ರ ಬಂದಿದೆ ಅಂದೆ. ಓದಲು ಬಾರದ ಜೀವ, ಈ ಹಾಳೆಯನ್ನೇ ಮುಂದೆ ಹಿಡಿದು, ಗಾಡಿ ಮೊದಲೇ ಕೆಟ್ಟಿತ್ತಂತೆ ಎಂದು ನಿಮ್ಮ ಮಾತಿನ ಹಾಗೆ ಓದಿದೆ. “ಖರೇನ?” ಅಂದರು. ಖರೆ ಅಂದೆ. ಜೀಪು ಹತ್ತಿದರು, ಈಗ ಹೊರಟಿದ್ದೇವೆ. ಇದನ್ನು ಆಸ್ಪತ್ರೆಯ ಹತ್ತಿರ ಅಂಚೆಗೆ ಹಾಕುತ್ತೇನೆ. ನಿಮ್ಮ ಫೋನು ಬಂದಾಗ ಅವ್ವ ಕೇಳಿದರೆ ಹೌದು ಅನ್ನಿ. ಕೇಳಲು ಅವ್ವ ಉಳಿದಿರಲಿ ಎಂದು ಅಲ್ಲಿಂದಲೇ ದೇವರನ್ನು ಬೇಡಿಕೊಳ್ಳಿ.